ಶುಕ್ರವಾರ ಸಂತೆಯ ಅಚ್ಚುಗಾರ

ಹಳೆಯ ಅಚ್ಚುಪುಸ್ತಕಗಳ ಚರಿತ್ರೆ ಓದಬೇಕಾದರೆ ಎಲ್ಲಿಗೆ ಹೋಗಬೇಕು ಸಾರ್, ಅಂತ ನಮ್ಮ ಬಳಗದ ಹುಡುಗಿಯೊಬ್ಬಳು ಕೇಳಿದಳು. ಎಂ.ಎ.ಗೆ ಗ್ರಂಥಸಂಪಾದನಾಶಾಸ್ತ್ರ ಆರಿಸಿಕೊಂಡವಳು. ಓಲೆಗರಿಗಳ ಬಗ್ಗೆ ಬೇಕಾದಷ್ಟು ಪಾಠವಾಗುತ್ತದೆ, ಅಚ್ಚಿನ ಬಗ್ಗೆ ಮಾತ್ರ ಯಾರೂ ಬಾಯಿಬಿಡುವುದಿಲ್ಲ ಎಂಬುದು ಅವಳ ತಕರಾರು. ತಕರಾರು ನ್ಯಾಯವಾದದ್ದೇ.

ಕನ್ನಡದ ಮಟ್ಟಿಗಾದರೆ ಉತ್ತರ ಸುಲಭ. ಬಂಗಾಳದ ಸೆರಾಂಪುರ, ನಮ್ಮ ಮಂಗಳೂರು. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾಯಿತು. 1841ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಅಚ್ಚುಕೂಟ ತೆರೆದರು. ಆದರೆ ಅವಳು ಕೇಳಿದ್ದು ಅದಕ್ಕೂ ಬಹಳ ಹಿಂದಿನದು, ಯುರೋಪಿನಲ್ಲಿ ಈ ವಿದ್ಯೆ ಹುಟ್ಟಿ ಕಾಲೂರಿದ ಮೊದಲ ನೂರು ನೂರೈವತ್ತು ವರ್ಷಗಳದ್ದು. ಅದಕ್ಕೆ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಗುಟೆನ್‌ಬರ್ಗ್, ಊರು ಜರ್ಮನಿಯ ಮೈಂಟ್ಸ್. ಅಲ್ಲಿ 1900ರಲ್ಲಿ ಶುರುವಾದ ಒಂದು ವಸ್ತುಸಂಗ್ರಹಾಲಯ ಇದೆ, ನೋಡತಕ್ಕದ್ದೇ. ಆದರೆ ಗುಟೆನ್‌ಬರ್ಗನ ಅಚ್ಚುಕೂಟದ ಒಂದು ಮೊಳೆಯೂ ಉಳಿದಿಲ್ಲ. ಅವನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಸಾಲ, ವ್ಯಾಜ್ಯಗಳ ಕೋರ್ಟು ಕಾಗದಗಳಿಂದ ಬಂದದ್ದು.

ನನ್ನನ್ನು ಕೇಳಿದರೆ ಬೆಲ್ಜಿಯಂನ ಆಂಟ್ವರ್ಪ್ ಅನ್ನುತ್ತೇನೆ. ಅಲ್ಲಿ ಶುಕ್ರವಾರ ಸಂತೆ ಎಂದೇ ಹೆಸರಾದ ಒಂದು ಚೌಕವಿದೆ. ಆ ಚೌಕದ ಒಂದು ಮನೆಯಲ್ಲಿ ಹದಿನಾರನೆಯ ಶತಮಾನದ ಅಚ್ಚುಕೂಟವೊಂದು ಮೊಳೆ, ಯಂತ್ರ, ಕಿರ್ದಿ, ಖಾತೆ, ಕಾಗದಪತ್ರಗಳ ಸಮೇತ ಉಳಿದುಬಂದಿದೆ. ನಾನು ಕೆಲವು ವರ್ಷ ಮುಂಬಯಿಯ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದಿದವನು. ಮೊಳೆಗಳು ಹಳತಾದ ಮೇಲೆ ಅವುಗಳ ಗತಿ ಏನೆಂದು ಕಣ್ಣಾರೆ ಕಂಡಿದ್ದೇನೆ. ಒತ್ತಕ್ಷರ, ಕೊಂಬು, ದೀರ್ಘ ಎಲ್ಲವನ್ನೂ ಒಟ್ಟಿಗೆ ಕರಗಿಸಿ ಸೀಸದ ಗಟ್ಟಿ ಮಾಡಿ ತೂಕಕ್ಕೆ ಹಾಕುತ್ತಾರೆ. ಹಾಗಿರುವಾಗ ನಾನೂರು ವರ್ಷ ಹಿಂದಿನ ಮೊಳೆಗಳು ಗೂಡುಗಳಲ್ಲೇ ಕೂತಿವೆ ಎಂದು ಓದಿದಾಗ ನಂಬುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. ಆ ಮನೆಯ ಮೊದಲ ಯಜಮಾನ ಕ್ರಿಸ್ಟಾಫ್ ಪ್ಲಾಂಟಿನ್. (ಸ್ಟೆನ್ಸಿಲ್ ಕೊರೆಯುವ ಮಿತ್ರರು ಈ ಪರದೇಶಿ ಹೆಸರುಗಳ ಕಾಟವನ್ನು ಈ ಸಲ ಸಹಿಸಿಕೊಳ್ಳಬೇಕು.)

ಪ್ಲಾಂಟಿನ್ ಆಂಟ್ವರ್ಪಿನವನಲ್ಲ. 1520ರ ಸುಮಾರಿಗೆ ಫ್ರಾನ್ಸಿನ ಟೂರ್ ಪಟ್ಟಣದ ಆಸುಪಾಸಿನಲ್ಲಿ ಬಡವರ ಮನೆಯಲ್ಲಿ ಹುಟ್ಟಿದ. ಕಾಂ ಎಂಬ ಊರಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತ. ಅಲ್ಲೇ ಜೀನ್ ರಿವಿಯೇರ್ ಎಂಬವಳನ್ನು ಮದುವೆಯಾದ. 1549ರ ಹೊತ್ತಿಗೆ ಗಂಡ ಹೆಂಡಿರು ಆಂಟ್ವರ್ಪಿಗೆ ಬಂದು ನೆಲೆಸಿದರು. ಏಕೆ ಅಲ್ಲಿಗೇ ಅಂದರೆ, ನಮ್ಮವರು ಉಡುಪಿ, ಕುಂದಾಪುರ ಬಿಟ್ಟು ಮುಂಬಯಿಗೇ ಏಕೆ ಬಂದರು ಎಂದು ಕೇಳಿದ ಹಾಗೆ. ಆಗಿನ ಯುರೋಪಿನಲ್ಲಿ ದುಡ್ಡು, ಹಡಗು, ಸಾಮಾನು, ಕೆಲಸ ಎಲ್ಲಾ ಬಂದು ಸೇರುತ್ತಿದ್ದ ಬಂದರು ಅದು. ನಮ್ಮ ಪಶ್ಚಿಮ ಕರಾವಳಿಯ ಮೆಣಸು ಕೂಡ ಲಿಸ್ಬನ್ನಿನ ಮೂಲಕ ಅಲ್ಲಿಗೆ ಹೋಗಿ ಬಿಕರಿಯಾಗುತ್ತಿತ್ತು.

ಅಲ್ಲಿ ಪ್ಲಾಂಟಿನ್ ರಟ್ಟು ಕಟ್ಟಿದ, ತೊಗಲಿನ ಮೇಲೆ ಬಂಗಾರದ ಬಳ್ಳಿ ಬಿಡಿಸಿದ, ಆಭರಣದ ಪೆಟ್ಟಿಗೆ ಮಾಡಿಕೊಟ್ಟ. ಹೆಂಡತಿ ನಾರುಬಟ್ಟೆಯ ಅಂಗಡಿ ನೋಡಿಕೊಂಡಳು. ಅಚ್ಚುಗಾರನಾಗುವ ಯೋಚನೆ ಅವನಿಗೆ ಇತ್ತೋ ಇಲ್ಲವೋ, ಪರಿಸ್ಥಿತಿಯೇ ಹಾಗೆ ಮಾಡಿತು. ಮೊಮ್ಮಗ ಬರೆದಿಟ್ಟ ಪ್ರಕಾರ, ಒಂದು ರಾತ್ರಿ ಸ್ಪೇನಿನ ರಾಜನ ಕಾರ್ಯದರ್ಶಿ ಸಾಯಾಸ್ ಎಂಬವನಿಗೆ ಒಂದು ಪೆಟ್ಟಿಗೆ ತಲುಪಿಸಲು ಹೋಗುತ್ತಿದ್ದಾಗ, ಕುಡಿದ ಅಮಲಿನಲ್ಲಿದ್ದ ಕೆಲವರು ಇವನನ್ನು ಬೇರೆ ಯಾರೋ ವಾದ್ಯ ನುಡಿಸುವವನೆಂದು ತಪ್ಪು ತಿಳಿದು ಕತ್ತಿಯಿಂದ ತಿವಿದರು. ಬದುಕಿ ಉಳಿದ, ಆದರೆ ಬಾಗಿ ಬಲ ಹಾಕಿ ಮಾಡುವ ಬೈಂಡಿಂಗ್ ಕೆಲಸ ಮೈಗೆ ಒಗ್ಗದಾಯಿತು. 1555ರಲ್ಲಿ ಅಚ್ಚಿನ ಕೆಲಸಕ್ಕೆ ಇಳಿದ. ಮೊದಲ ಪುಸ್ತಕ ಒಳ್ಳೆಯ ಮನೆತನದ ಹೆಣ್ಣುಮಕ್ಕಳನ್ನು ಹೇಗೆ ಬೆಳೆಸಬೇಕು ಎಂಬ ವಿಷಯದ್ದು.

ಯಂತ್ರಕ್ಕೆ, ಮೊಳೆಗೆ, ಕಾಗದಕ್ಕೆ ದುಡ್ಡು ಎಲ್ಲಿಂದ ಬಂತು? ತಿವಿದವರು ಕೊಟ್ಟ ಪರಿಹಾರ ಎಂಬುದು ಒಂದು ಕಥೆ. ಇನ್ನೊಂದು ಕಥೆ ಹೆಚ್ಚು ಗಂಭೀರವಾದದ್ದು. ಆ ಕಾಲದಲ್ಲಿ ಹೆಂಡ್ರಿಕ್ ನಿಕ್ಲಾಸ್ ಎಂಬ ವ್ಯಾಪಾರಿಯೊಬ್ಬ ಪ್ರೇಮದ ಕುಟುಂಬ ಎಂಬ ಗುಪ್ತ ಪಂಥ ಕಟ್ಟಿದ್ದ. ಕ್ಯಾಥೊಲಿಕರು, ಪ್ರಾಟೆಸ್ಟೆಂಟರು ಒಬ್ಬರನ್ನೊಬ್ಬರು ಸುಡುತ್ತಿದ್ದ ಕಾಲ. ಈ ಪಂಥದವರ ಪ್ರಕಾರ ಹೊರಗಿನ ಆಚರಣೆ ಮುಖ್ಯವಲ್ಲ. ಊರು ಹೇಳಿದ ದೇವಾಲಯಕ್ಕೆ ಹೋಗು, ಕೈ ಮುಗಿ, ಒಳಗಿನದನ್ನು ಒಳಗೇ ಇಟ್ಟುಕೋ. ಪ್ಲಾಂಟಿನ್ ಈ ಗುಂಪಿಗೆ ಸೇರಿದವನು, ಅವರ ಪುಸ್ತಕಗಳನ್ನು ಗುಟ್ಟಾಗಿ ಅಚ್ಚು ಹಾಕಿಕೊಟ್ಟವನು ಎಂದು ಬಲ್ಲವರು ಒಪ್ಪುತ್ತಾರೆ. ಹೊರಗೆ ಆತ ಶುದ್ಧ ಕ್ಯಾಥೊಲಿಕ್. ಆತನ ಬಾಳಿನ ಉಳಿದೆಲ್ಲ ಗಂಟುಗಳೂ ಇದರಿಂದಲೇ ಬಿದ್ದವು.

ಮೊದಲ ಗಂಟು 1562ರಲ್ಲಿ. ಪ್ಲಾಂಟಿನ್ ಪ್ಯಾರಿಸ್ಸಿಗೆ ಹೋಗಿದ್ದಾಗ ಅವನ ಅಚ್ಚುಕೂಟದಲ್ಲಿ ನಿಷಿದ್ಧ ಪ್ರಾರ್ಥನಾ ಪುಸ್ತಕವೊಂದು ಅಚ್ಚಾಗಿದೆ ಎಂಬ ಸುದ್ದಿ ಅಧಿಕಾರಿಗಳಿಗೆ ತಲುಪಿತು. ಮೂವರು ಕೆಲಸಗಾರರನ್ನು ಹಿಡಿದರು. ಯಜಮಾನನಿಗೆ ಇದು ಗೊತ್ತೇ ಇರಲಿಲ್ಲ ಎಂದಾಯಿತು. ಆ ಮೂವರಿಗೆ ಹಡಗಿನಲ್ಲಿ ಹುಟ್ಟು ಹಾಕುವ ಶಿಕ್ಷೆಯಾಯಿತು. ಪ್ಲಾಂಟಿನ್ ಸುಮಾರು ಒಂದೂವರೆ ವರ್ಷ ಪ್ಯಾರಿಸ್ಸಿನಲ್ಲೇ ಉಳಿದ. ಇತ್ತ ಅವನ ಸಾಲಗಾರರು ಅಚ್ಚುಕೂಟದ ಸಾಮಾನನ್ನೆಲ್ಲ ಹರಾಜು ಹಾಕಿಸಿದರು. ಆ ಸಾಲಗಾರರು ಅವನ ಸ್ನೇಹಿತರೇ. ಸರಕಾರ ಮುಟ್ಟುಗೋಲು ಹಾಕುವ ಮೊದಲೇ ಹರಾಜು ಹಾಕಿ ಹಣ ಉಳಿಸಿಕೊಟ್ಟರು ಎಂದು ವಿದ್ವಾಂಸರು ಊಹಿಸುತ್ತಾರೆ. 1563ರಲ್ಲಿ ಬಂದವನೇ ಹೊಸ ಪಾಲುದಾರರನ್ನು ಸೇರಿಸಿಕೊಂಡು ಮತ್ತೆ ಕೆಲಸ ಶುರುಮಾಡಿದ.

ಪ್ಲಾಂಟಿನ್ನನ್ನು ಮೆಚ್ಚುವ ಜನ ಈ ಜಾಗದಲ್ಲಿ ಅವನ ಜಾಣತನವನ್ನು ಹೊಗಳಿ ಮುಂದೆ ಹೋಗುತ್ತಾರೆ. ನನಗೆ ಹಾಗೆ ಮುಂದೆ ಹೋಗುವುದು ಆಗುವುದಿಲ್ಲ. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲವೇ? ಅಚ್ಚುಕೂಟದಲ್ಲಿ ಒಂದು ರೀಮು ಕಾಗದ ಕಡಿಮೆಯಾದರೂ ಧಣಿಗೆ ಗೊತ್ತಾಗುತ್ತದೆ. ಇವನೋ ಕಾಸುಕಾಸಿಗೂ ಲೆಕ್ಕ ಇಟ್ಟವನು. ಇರಲಿ, ತೀರ್ಪು ಕೊಡಲು ನಾವು ಯಾರು. ಆದರೆ ಆ ಮೂವರನ್ನು ಮರೆಯದೆ ಇವನ ಮುಂದಿನ ಬಾಳನ್ನು ಓದಬೇಕು ಅಂತ ನನ್ನ ಅಭಿಪ್ರಾಯ.

ಆ ಹೊಸ ಪಾಲುದಾರಿಕೆಯ ವರ್ಷಗಳಲ್ಲಿ ಆತ ಬೆಳೆದ ಬಗೆ ಬೆರಗಿನದು. ಗಾರಮೊಂಡ್, ಗ್ರಾಂಜೊನ್ ಮೊದಲಾದ ಆ ಕಾಲದ ಅತಿ ಶ್ರೇಷ್ಠ ಅಕ್ಷರ ಕೊರೆಯುವವರ ಕೆಲಸವನ್ನು ಕೊಂಡು ಕೂಡಿಟ್ಟ. ಹುಡುಗರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ಎಡಬಲ ತಿರುಗಿಸಿ ಕೊರೆಯುತ್ತಾರೆ, ಅದು ಪಂಚು. ಅದನ್ನು ತಾಮ್ರದ ತುಂಡಿನ ಮೇಲೆ ಇಟ್ಟು ಹೊಡೆದರೆ ಬೀಳುವ ತಗ್ಗು ಮಾತೃಕೆ. ಅದಕ್ಕೆ ಕರಗಿದ ಸೀಸ ಹೊಯ್ದರೆ ಮೊಳೆ. ಮೊಳೆ ಸವೆಯುತ್ತದೆ, ಮಾತೃಕೆ ಇದ್ದರೆ ಬೇಕಾದಷ್ಟು ಸಲ ಮತ್ತೆ ಎರಕ ಹೊಯ್ಯಬಹುದು. ಆದ್ದರಿಂದ ಅಚ್ಚುಗಾರನ ನಿಜವಾದ ಆಸ್ತಿ ಮಾತೃಕೆಗಳು. ಆಂಟ್ವರ್ಪಿನ ಮನೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಪಂಚುಗಳೂ ಅದರ ಹಲವು ಪಟ್ಟು ಮಾತೃಕೆಗಳೂ ಇವೆ. ಚಿತ್ರ ಮುದ್ರಿಸುವ ಮರದಚ್ಚುಗಳೇ ಹದಿನಾಲ್ಕು ಸಾವಿರದಷ್ಟು.

ಈ ಹೊತ್ತಿನ ಪುಸ್ತಕಗಳಲ್ಲಿ ನಮಗೆ ಹತ್ತಿರದ್ದು ಒಂದಿದೆ. ಪ್ಲಾಂಟಿನ್ ಮೊದಲ ಪುಸ್ತಕ ತಂದ ಮರುವರ್ಷವೇ, ಅಂದರೆ 1556ರಲ್ಲಿ, ಗೋವೆಗೆ ಅಚ್ಚಿನ ಯಂತ್ರ ಬಂತು. 1563ರಲ್ಲಿ ಅಲ್ಲಿ ಗಾರ್ಸಿಯಾ ದ ಓರ್ತಾ ಎಂಬ ವೈದ್ಯನ ಪುಸ್ತಕ ಅಚ್ಚಾಯಿತು. ಮೆಣಸು, ಶುಂಠಿ, ವೀಳ್ಯದೆಲೆ, ಅಡಿಕೆ, ಮಾವು, ಹಲಸು, ಹೀಗೆ ನಮ್ಮ ಅಡಿಗೆಮನೆ, ಹಿತ್ತಿಲುಗಳಲ್ಲಿ ಇರುವುದರ ಬಗ್ಗೆ ಇಬ್ಬರು ಕೂತು ಮಾತಾಡುವ ರೀತಿಯಲ್ಲಿ ಬರೆದದ್ದು. ಅಚ್ಚಿನ ತಪ್ಪುಗಳು ಎಷ್ಟೆಂದರೆ ತಪ್ಪು ಒಪ್ಪುಗಳ ಪಟ್ಟಿಯೇ ಇಪ್ಪತ್ತು ಪುಟದಷ್ಟಾಯಿತು. ಕರಡು ತಿದ್ದುವವರಿಗೆ ಇದಕ್ಕಿಂತ ಸಮಾಧಾನದ ಸಂಗತಿ ಬೇರೆ ಇಲ್ಲ. ಈ ಪುಸ್ತಕ ಪೋರ್ಚುಗಲ್‌ನಲ್ಲಿ ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞನ ಕೈಗೆ ಸಿಕ್ಕಿತು. ಆತ ಸಂಭಾಷಣೆಯನ್ನು ತೆಗೆದು, ಸಂಗ್ರಹಿಸಿ ಲ್ಯಾಟಿನ್ನಿಗೆ ತಂದ. ಅದನ್ನು 1567ರಲ್ಲಿ ಅಚ್ಚು ಹಾಕಿದವನು ಪ್ಲಾಂಟಿನ್. ಗೋವೆಯ ಪುಸ್ತಕ ಗೋವೆಯಲ್ಲೇ ಉಳಿದಿದ್ದರೆ ಎಷ್ಟು ಜನ ಓದುತ್ತಿದ್ದರೋ. ನಮ್ಮ ಹಿತ್ತಿಲಿನ ಗಿಡಗಳ ಸಮಾಚಾರ ಯುರೋಪಿನ ಪಂಡಿತರಿಗೆ ಮುಟ್ಟಿದ್ದು ಆಂಟ್ವರ್ಪಿನ ಮೊಳೆಗಳಿಂದ.

ಅದೇ 1567ರಲ್ಲಿ ಎರಡನೆಯ ಗಂಟು. ನೆದರ್‌ಲೆಂಡ್ಸ್ ಆಗ ಸ್ಪೇನಿನ ರಾಜ ಎರಡನೆಯ ಫಿಲಿಪ್ಪನ ಆಳ್ವಿಕೆಯಲ್ಲಿತ್ತು. ಅಲ್ಲಿನ ದಂಗೆ ಅಡಗಿಸಲು ಆಲ್ಬಾದ ಡ್ಯೂಕ್ ಸೈನ್ಯದೊಂದಿಗೆ ಬಂದ. ಪ್ಲಾಂಟಿನ್ನನ ಪಾಲುದಾರರಲ್ಲಿ ಕ್ಯಾಲ್ವಿನ್ ಪಂಥದವರು ಇದ್ದರು. ಅವರು ಊರು ಬಿಟ್ಟು ಓಡಿದರು. ಸಾಲದ್ದಕ್ಕೆ ವಿಯಾನೆನ್ ಎಂಬ ಊರಿನಲ್ಲಿ ಸ್ಪೇನ್ ವಿರೋಧಿ ಪತ್ರಗಳನ್ನು ಹೊರಡಿಸುತ್ತಿದ್ದ ಅಚ್ಚುಕೂಟಕ್ಕೆ ಇವನ ಹಣ ಹೋಗಿತ್ತು. ಅದು ಹೊರಬಿದ್ದರೆ ತಲೆ ಉಳಿಯುವುದಿಲ್ಲ. ಆಗ ಪ್ಲಾಂಟಿನ್ ಮಾಡಿದ್ದೇನು? ಹಳೆಯ ಪೆಟ್ಟಿಗೆಯ ಗಿರಾಕಿ ಸಾಯಾಸನ ಮೂಲಕ ರಾಜನಿಗೆ ಒಂದು ಯೋಜನೆ ಕಳಿಸಿದ. ಹೀಬ್ರೂ, ಅರಾಮಿಕ್, ಸಿರಿಯಾಕ್, ಗ್ರೀಕ್, ಲ್ಯಾಟಿನ್, ಐದೂ ಭಾಷೆಗಳಲ್ಲಿ ಒಂದೇ ಬೈಬಲ್. ತನ್ನ ಭಕ್ತಿಗೆ ಇದಕ್ಕಿಂತ ದೊಡ್ಡ ರುಜುವಾತು ಬೇಡ ಎಂಬಂತೆ. ಮಳೆಗೆ ಕೊಡೆ ಹಿಡಿದ ಹಾಗೆ ಬೈಬಲ್ ಹಿಡಿದ ಎನ್ನಬಹುದು. ಹಾಗೆಂದು ಕೆಲಸದಲ್ಲಿ ಕಳ್ಳತನವಿಲ್ಲ. ಇಡೀ ಹದಿನಾರನೆಯ ಶತಮಾನದಲ್ಲಿ ಅಚ್ಚಿನ ಕಸುಬು ಮುಟ್ಟಿದ ತುತ್ತತುದಿಗಳಲ್ಲಿ ಅದೂ ಒಂದು.

ರಾಜ ಒಪ್ಪಿದ. ಮುಂಗಡ ಹಣ ಕೊಟ್ಟ. ಮೇಲ್ವಿಚಾರಣೆಗೆ ಆರಿಯಾಸ್ ಮೊಂತಾನೊ ಎಂಬ ಪಂಡಿತನನ್ನು ಕಳಿಸಿದ. 1568ರಿಂದ 1572ರ ವರೆಗೆ ಕೆಲಸ ನಡೆದು ಎಂಟು ದೊಡ್ಡ ಸಂಪುಟಗಳಾದವು. ಕಾಗದದ ಮೇಲೆ ಸುಮಾರು 1200 ಪ್ರತಿ, ರಾಜನಿಗೆಂದು ಚರ್ಮದ ಹಾಳೆಯ ಮೇಲೆ ಹನ್ನೆರಡೋ ಹದಿಮೂರೋ. ಬಲದಿಂದ ಎಡಕ್ಕೆ ಓದುವ ಲಿಪಿ ಒಂದು ಕಡೆ, ಎಡದಿಂದ ಬಲಕ್ಕೆ ಓದುವುದು ಇನ್ನೊಂದು ಕಡೆ, ಎರಡೂ ಎದುರುಬದುರು ಪುಟಗಳಲ್ಲಿ ಸಾಲಿಗೆ ಸಾಲು ಹೊಂದಬೇಕು. ಕನ್ನಡದಲ್ಲಿ ಮೂಲ, ಎದುರು ಪುಟದಲ್ಲಿ ಅನುವಾದ ಹಾಕಿ ಅಚ್ಚು ಹಾಕಿಸಿದವರನ್ನು ಕೇಳಿ, ಎರಡು ಭಾಷೆಗೇ ತಲೆ ಕೆಟ್ಟಿರುತ್ತದೆ. ಕರಡುಗಳನ್ನು ಮೊಂತಾನೊನ ಮನೆಗೆ ಒಯ್ದು, ಮೂಲ ಪ್ರತಿಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದವಳು ಪ್ಲಾಂಟಿನ್ನನ ನಾಲ್ಕನೆಯ ಮಗಳು ಮ್ಯಾಗ್ಡಲೀನಾ. ಆಗ ಅವಳಿಗೆ ಹದಿಮೂರರ ಸುಮಾರು ಪ್ರಾಯ. ಹೀಬ್ರೂ, ಗ್ರೀಕ್ ಅಕ್ಷರ ಗುರುತಿಸಿ ಓದುವಳು, ಅರ್ಥ ಆಗಬೇಕೆಂದೇನಿಲ್ಲ. ಐವರು ಹೆಣ್ಣುಮಕ್ಕಳಿಗೂ ತಂದೆ ಚಿಕ್ಕಂದಿನಲ್ಲೇ ಓದು ಕಲಿಸಿ ಕರಡಿನ ಮುಂದೆ ಕೂರಿಸಿದ್ದ. ಕೆಲವರು ಆಮೇಲೆ ಅಂಗಡಿ ಸೇರಿದರು. ಅಚ್ಚುಕೂಟದ ಚರಿತ್ರೆಯಲ್ಲಿ ಹೆಂಗಸರ ದುಡಿಮೆ ಹುಡುಕುವ ಹುಡುಗಿಯರಿಗೆ ಆ ಮನೆಯ ಕಾಗದಗಳಲ್ಲಿ ಒಂದು ಪ್ರಬಂಧಕ್ಕಾಗುವಷ್ಟು ವಿಷಯ ಇದೆ.

ಬೈಬಲಿನಿಂದ ಹಣ ಬರಲಿಲ್ಲ, ಸಾಲವೇ ಬಂತು. ಅದರ ಬದಲು ರಾಜ ಕೊಟ್ಟ ವರ ಬೇರೆ. ಸ್ಪೇನಿಗೂ ಅದರ ವಸಾಹತುಗಳಿಗೂ ಬೇಕಾದ ಪೂಜಾವಿಧಿಯ ಪುಸ್ತಕಗಳನ್ನು ಅಚ್ಚು ಹಾಕುವ ಹಕ್ಕು ಇವನಿಗೆ ಬಂತು. ಹತ್ತಾರು ಸಾವಿರ ಪ್ರತಿ ಹಡಗಿಗೆ ಹೋದವು. 1570ರಲ್ಲಿ ರಾಜನ ಮುಖ್ಯ ಅಚ್ಚುಗಾರ ಎಂಬ ಪದವಿಯೂ ಸಿಕ್ಕಿತು. ಇತರ ಅಚ್ಚುಗಾರರ ಯೋಗ್ಯತೆ ಪರೀಕ್ಷಿಸುವ ಕೆಲಸವೂ ಅದರ ಜೊತೆಗೆ ಬಂತು. ನಿಷಿದ್ಧ ಪುಸ್ತಕಕ್ಕಾಗಿ ಊರು ಬಿಟ್ಟಿದ್ದವನು ಈಗ ಇತರರ ಮೇಲೆ ಕಣ್ಣಿಡುವ ಅಧಿಕಾರಿ. 1575ರ ಹೊತ್ತಿಗೆ ಹದಿನಾರು ಯಂತ್ರಗಳು ಓಡುತ್ತಿದ್ದವು. ಅಷ್ಟು ದೊಡ್ಡ ಅಚ್ಚುಕೂಟ ಆಗ ಬೇರೆಲ್ಲೂ ಇದ್ದಂತಿಲ್ಲ. ಒಂದೊಂದು ಯಂತ್ರಕ್ಕೆ ಇಬ್ಬರು, ಒಬ್ಬ ಮಸಿ ಬಡಿಯುವವ, ಇನ್ನೊಬ್ಬ ಹಿಡಿ ಎಳೆಯುವವ. ದಿನಕ್ಕೆ ಸುಮಾರು 1250 ಹಾಳೆ, ಎರಡೂ ಮಗ್ಗುಲು. ಅಂದರೆ ಎಳೆಯುವವನು ದಿನಕ್ಕೆ ಕಡಿಮೆಯೆಂದರೂ ಎರಡೂವರೆ ಸಾವಿರ ಸಲ ಹಿಡಿ ಎಳೆಯಬೇಕು. ನಮ್ಮ ಸೈಕ್ಲೋಸ್ಟೈಲ್ ಯಂತ್ರದ ಹಿಡಿ ನೂರು ಸಲ ತಿರುಗಿಸಿದ್ದಕ್ಕೆ ಟೀ ಕೇಳುವವರು ಗಮನಿಸಬೇಕು. ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುತ್ತಿದ್ದುದು ಕೂಲಿಗಲ್ಲ, ಕಾಗದಕ್ಕೆ. ಇದೆಲ್ಲ ನಮಗೆ ತಿಳಿದಿರುವುದು ಕಿರ್ದಿಗಳಿಂದ.

ಆ ಕರಡು ತಿದ್ದುವವರಲ್ಲಿ ಒಬ್ಬನ ಹೆಸರು ಹೇಳದೆ ಮುಂದೆ ಹೋಗಲಾರೆ, ಕಸುಬಿನ ಅಭಿಮಾನ. ಕೊರ್ನೆಲಿಸ್ ಕಿಲಿಯಾನ್ 1558ರಲ್ಲಿ ಸೇರಿ, 1607ರಲ್ಲಿ ಸಾಯುವವರೆಗೆ ಆ ಮನೆಗೇ ದುಡಿದ. ಹಗಲು ಇತರರ ಪುಸ್ತಕ ತಿದ್ದುತ್ತಾ ತನ್ನ ಡಚ್ ಭಾಷೆಯ ಪದಗಳನ್ನು ಒಂದೊಂದೇ ಕೂಡಿಸಿದ. ಆ ನಿಘಂಟೇ ಡಚ್ ನಿಘಂಟುಗಳ ಬುನಾದಿಯಾಯಿತು. ನಮಗೆ ಕಿಟ್ಟೆಲ್ ಹೇಗೋ ಅವರಿಗೆ ಆತ ಹಾಗೆ.

1576ರಲ್ಲಿ ಪ್ಲಾಂಟಿನ್ ಶುಕ್ರವಾರ ಸಂತೆಯ ಮನೆಗೆ ಬಂದ. ಬಂಗಾರದ ಕೈವಾರ ಎಂದು ಅದಕ್ಕೆ ಹೆಸರು. ಕೈವಾರವೇ ಅವನ ಲಾಂಛನ: ಊರಿದ ಕಾಲು ಸ್ಥೈರ್ಯ, ತಿರುಗುವ ಕಾಲು ದುಡಿಮೆ. ಬಂದು ತಿಂಗಳುಗಳಾಗಿರಬೇಕು, ನವೆಂಬರ್ 4ರಂದು ಸಂಬಳ ಸಿಗದ ಸ್ಪೇನಿನ ಸೈನಿಕರು ಊರಿನ ಮೇಲೆ ಬಿದ್ದರು. ಮೂರು ದಿನ ಕೊಲೆ, ಸುಲಿಗೆ, ಬೆಂಕಿ. ಸಾವಿರಾರು ಜನ ಸತ್ತರು. ಸ್ಪೇನ್ ರಾಜನ ಮುಖ್ಯ ಅಚ್ಚುಗಾರ ತನ್ನ ಮನೆ ಉಳಿಸಿಕೊಳ್ಳಲು ಅದೇ ರಾಜನ ಸೈನಿಕರಿಗೆ ಒಂಬತ್ತು ಸಲ ಹಣ ತೆರಬೇಕಾಯಿತು. ಲೂಯಿಸ್ ಪೆರೆಸ್ ಎಂಬ ವ್ಯಾಪಾರಿ ಗೆಳೆಯ ಸಾಲ ಕೊಟ್ಟ. ಮನೆ ಉಳಿಯಿತು. ಹದಿನಾರು ಯಂತ್ರ ಓಡುತ್ತಿದ್ದಲ್ಲಿ ಮೂರು ನಾಲ್ಕು ಓಡುವುದೂ ಕಷ್ಟವಾಯಿತು.

ಊರು ಬಂಡಾಯಗಾರರ ಕಡೆ ವಾಲಿತು. ಪ್ಲಾಂಟಿನ್ ಅವರ ಸರಕಾರಕ್ಕೂ ಅಚ್ಚುಗಾರನಾದ. ರಾಜನ ಪದವಿಯನ್ನೂ ಬಿಡಲಿಲ್ಲ. 1583ರಲ್ಲಿ ಸ್ಪೇನ್ ಸೈನ್ಯ ಮತ್ತೆ ಸಮೀಪಿಸುತ್ತಿದ್ದಾಗ ಗೆಳೆಯ ಲಿಪ್ಸಿಯಸ್ ಇದ್ದ ಲೈಡನ್ನಿಗೆ ಹೋಗಿ ಅಲ್ಲಿನ ಪ್ರಾಟೆಸ್ಟೆಂಟ್ ವಿಶ್ವವಿದ್ಯಾಲಯದ ಅಚ್ಚುಗಾರನಾದ. 1585ರಲ್ಲಿ ಆಂಟ್ವರ್ಪ್ ಸ್ಪೇನಿನ ಕೈಸೇರಿದ ಮೇಲೆ ತಿರುಗಿ ಬಂದ. ಲೈಡನ್ನಿನ ಅಚ್ಚುಕೂಟವನ್ನು ಹಿರಿಯ ಅಳಿಯ ರಾಫೆಲೆಂಗಿಯಸ್ಸನಿಗೆ ಬಿಟ್ಟ, ಅವನು ಪ್ರಾಟೆಸ್ಟೆಂಟ್. ಆಂಟ್ವರ್ಪಿನದನ್ನು ಇನ್ನೊಬ್ಬ ಅಳಿಯ ಯಾನ್ ಮೊರೆಟಸ್ ನೋಡಿಕೊಂಡ, ಅವನು ಕ್ಯಾಥೊಲಿಕ್. ಗಾಳಿ ಎತ್ತ ಬೀಸಿದರೂ ಒಂದು ಮನೆ ನಿಲ್ಲುವಂತೆ. ಇದನ್ನು ಸಮಯಸಾಧಕತನ ಎನ್ನುವವರು ಅನ್ನಲಿ. ಮೊದಮೊದಲು ನಾನೂ ಹಾಗೇ ಅನ್ನುತ್ತಿದ್ದೆ. ಆದರೆ ಒಳಗಿನದೇ ನಿಜ, ಹೊರಗಿನದು ಬರೀ ಅಂಗಿ ಎಂದು ನಂಬಿದವನಿಗೆ ಅಂಗಿ ಬದಲಿಸುವುದು ಸುಳ್ಳಾಗುತ್ತದೆಯೇ? ಅವನ ಅಂಗಿಯ ಕೆಳಗೆ ಎಂಬತ್ತು ಜನರ ಅನ್ನವೂ ಇತ್ತು. ನನಗೆ ಸರಿಹೋಗದೆ ಉಳಿಯುವುದು ಆ ಹುಟ್ಟು ಹಾಕಲು ಹೋದ ಮೂವರದ್ದೊಂದೇ. ಅವರು ಬದಲಿಸಲಿಕ್ಕೆ ಎರಡನೆಯ ಅಂಗಿ ಇಲ್ಲದವರು.

ನಡುವೆ 1580ರ ಒಂದು ಸಂಗತಿ. ಗೋವೆಯಿಂದ ಬಂದ ಜೆಸ್ಯೂಟ್ ಪಾದ್ರಿಗಳು ಆ ವರ್ಷ ಫತೇಪುರ ಸಿಕ್ರಿಯಲ್ಲಿ ಅಕ್ಬರನಿಗೆ ಒಂದು ಕಾಣಿಕೆ ಕೊಟ್ಟರು. ಅದು ಪ್ಲಾಂಟಿನ್ನನ ಆ ಬಹುಭಾಷಾ ಬೈಬಲ್. ಅಕ್ಬರ್ ಸಂಪುಟಗಳಿಗೆ ಮುತ್ತಿಟ್ಟು ತಲೆಯ ಮೇಲೆ ಇಟ್ಟುಕೊಂಡನಂತೆ. ಅದರಲ್ಲಿನ ಚಿತ್ರಗಳು ಮೊಗಲ್ ಚಿತ್ರಕಾರರ ಕೈಯಲ್ಲಿ ಹೊಸ ರೂಪ ತಾಳಿದವು. ಅದೇ 1580ರಲ್ಲಿ ಗೋವೆಯಲ್ಲಿ, ಸತ್ತು ಹನ್ನೆರಡು ವರ್ಷವಾಗಿದ್ದ ಗಾರ್ಸಿಯಾ ದ ಓರ್ತಾನ ಎಲುಬುಗಳನ್ನು ಅಗೆದು ತೆಗೆಸಿ ಸುಡಿಸಿತು ಅಲ್ಲಿನ ಧರ್ಮವಿಚಾರಣಾ ಸಭೆ. ಆತ ಒಳಗೊಳಗೆ ಯೆಹೂದಿಯಾಗಿಯೇ ಉಳಿದಿದ್ದ ಎಂಬುದು ಆರೋಪ. ಪ್ಲಾಂಟಿನ್ ಅಚ್ಚು ಹಾಕಿದ ಒಬ್ಬ ಲೇಖಕನಿಗೆ ಆದದ್ದು ಇದು. ಪ್ಲಾಂಟಿನ್ನನಿಗೂ ಆಗಬಹುದಾಗಿದ್ದದ್ದು ಇದೇ.

ಆಗಲಿಲ್ಲ. 1589ರ ಜುಲೈ 1ರಂದು ಆತ ಸತ್ತಾಗ ಆಂಟ್ವರ್ಪಿನ ದೊಡ್ಡ ಕ್ಯಾಥೊಲಿಕ್ ದೇವಾಲಯದೊಳಗೇ ಮಣ್ಣು ಮಾಡಿದರು. ಮೂವತ್ತನಾಲ್ಕು ವರ್ಷಗಳಲ್ಲಿ ಸರಿಸುಮಾರು ಎರಡು ಸಾವಿರ ಪ್ರಕಟನೆಗಳು. ಅಚ್ಚುಕೂಟ ಯಾನ್ ಮೊರೆಟಸ್‌ನ ಪಾಲಿಗೆ ಬಂತು. ಅವನ ವಂಶದವರು 1860ರ ದಶಕದ ವರೆಗೂ ಅಚ್ಚು ಹಾಕಿದರು, ಹಳೆಯ ಸಾಮಾನನ್ನು ಎಸೆಯಲಿಲ್ಲ, ಕರಗಿಸಲಿಲ್ಲ. 1876ರಲ್ಲಿ ಎಡ್ವರ್ಡ್ ಮೊರೆಟಸ್ ಎಲ್ಲವನ್ನೂ ನಗರಸಭೆಗೆ ಮಾರಿದ. ಮರುವರ್ಷ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಲೋಕದಲ್ಲಿ ಉಳಿದಿರುವ ಅತ್ಯಂತ ಹಳೆಯ ಎರಡು ಅಚ್ಚಿನ ಯಂತ್ರಗಳು, 1600ರ ಸುಮಾರಿನವು, ಅಲ್ಲೇ ಇವೆ. 2001ರಲ್ಲಿ ಯುನೆಸ್ಕೊ ಅಲ್ಲಿನ ಲೆಕ್ಕಪತ್ರಗಳನ್ನು ಲೋಕದ ನೆನಪಿನ ಪಟ್ಟಿಗೆ ಸೇರಿಸಿತು, 2005ರಲ್ಲಿ ಇಡೀ ಮನೆಯನ್ನೇ ವಿಶ್ವಪರಂಪರೆಯ ಪಟ್ಟಿಗೆ. ಹೋಗಲಾಗದವರು ಅಲ್ಲಿ ಅಧಿಕಾರಿಯಾಗಿದ್ದ ಲಿಯೋನ್ ವೂಟ್ ಇಂಗ್ಲಿಷಿನಲ್ಲಿ ಬರೆದ ಎರಡು ಸಂಪುಟಗಳನ್ನು ಹಿಡಿಯಲಿ. 1969ರಲ್ಲಿ ಒಂದು, 1972ರಲ್ಲಿ ಇನ್ನೊಂದು. ಯಾರಿಗೆ ಎಷ್ಟು ಕೂಲಿ, ಯಾವ ಪುಸ್ತಕಕ್ಕೆ ಎಷ್ಟು ಕಾಗದ, ಯಾರು ಕೆಲಸ ಬಿಟ್ಟರು, ಎಲ್ಲಾ ಇದೆ.

ಒಂದು ವಿಷಯ ಮಾತ್ರ ಆ ಕಿರ್ದಿಗಳಲ್ಲಿ ಇಲ್ಲ. ಕಾಸಿಗೆ ಕಾಸು ಬರೆದಿಟ್ಟ ಮನುಷ್ಯ ತನ್ನ ಪಂಥದ ಬಗ್ಗೆ ಒಂದು ಸಾಲನ್ನೂ ಅಲ್ಲಿ ಬಿಡಲಿಲ್ಲ. ಅದು ಸಿಗುವುದು ಬೇರೆ ಕಡೆ. ಪ್ರೇಮದ ಕುಟುಂಬದವರು ತಮ್ಮ ಪಂಥದ ಕಥೆಯನ್ನು ತಾವೇ ಬರೆದಿಟ್ಟುಕೊಂಡಿದ್ದಾರೆ. ಅದರಲ್ಲಿ ಪ್ಲಾಂಟಿನ್ ಬರುತ್ತಾನೆ, ಅಷ್ಟೇನೂ ಹೊಗಳಿಕೆಯಿಲ್ಲದೆ. ಆ ಹಸ್ತಪ್ರತಿ ಇರುವುದು ಲೈಡನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. ಆಂಟ್ವರ್ಪಿನಿಂದ ಅಲ್ಲಿಗೆ ಮುಂಬಯಿಯಿಂದ ಪುಣೆಗೆ ಹೋದಷ್ಟು ದೂರವೂ ಇಲ್ಲ.